‘ಆಲ್ ಮೈನ್ ಟು ಗಿವ್’ ಸಿನಿಮಾನ ಮಕ್ಕಳ ಜೊತೆ ಕೂತು ನೋಡೋದು ಹೇಗೆ

ಮೊದಲನೇ ಮಾತು, ದಯವಿಟ್ಟು ಕೊನೇ ಅರ್ಧ ಗಂಟೆ ಮಾತ್ರ ಹಾಕಿ ನೋಡ್ಬೇಡಿ. ಈ ಸಿನಿಮಾ ಬಗ್ಗೆ ಯಾರನ್ನ ಕೇಳಿದ್ರೂ ಅದೇ ಹೇಳ್ತಾರೆ, ಹಿಮದಲ್ಲಿ ಒಬ್ಬ ಹುಡುಗ ತಂಗೀನ ಜಾರುಬಂಡಿ ಮೇಲೆ ಕೂರಿಸ್ಕೊಂಡು ಎಳ್ಕೊಂಡು ಹೋಗ್ತಾನಲ್ಲ, ಅದು ನೋಡಿ ಅತ್ತುಬಿಟ್ಟೆ ಅಂತ. ನಾನೂ ಮೊದಲ ಸಲ ಹಂಗೇ ನೋಡಿದ್ದು, ಟಿವಿಯಲ್ಲಿ ಬರ್ತಿದ್ದಾಗ ಮಧ್ಯದಿಂದ, ಅಳು ಬಂತು, ಮುಗೀತು. ಆಮೇಲೆ ಎಷ್ಟೋ ವರ್ಷ ಆದ್ಮೇಲೆ ಮೊದಲಿಂದ ಕೂತು ನೋಡಿದಾಗ ಗೊತ್ತಾಯ್ತು, ಆ ಹುಡುಗ ಹೋಗಿ ತಟ್ಟೋ ಬಾಗಿಲುಗಳು ಸುಮ್ನೆ ಯಾವ್ದೋ ಬಾಗಿಲುಗಳಲ್ಲ, ಆ ಊರಿನ ಜನ ಎಂಥವರು ಅಂತ ಸಿನಿಮಾ ಮೊದಲಿಂದ ಒಂದೊಂದಾಗಿ ತೋರಿಸ್ಕೊಂಡು ಬಂದಿರುತ್ತೆ, ಅದನ್ನ ನೋಡದೇ ಕೊನೇದು ಮಾತ್ರ ನೋಡಿದ್ರೆ ಅನಾಥ ಮಕ್ಕಳ ಗೋಳು ಅಷ್ಟೇ ಕಾಣುತ್ತೆ. ಆ ಹುಡುಗ ಎಷ್ಟು ಯೋಚನೆ ಮಾಡಿ ಆ ಕೆಲಸ ಮಾಡ್ತಿದಾನೆ ಅನ್ನೋದು ಕಾಣೋದೇ ಇಲ್ಲ.

ಗೊತ್ತಿಲ್ದೇ ಇರೋರಿಗೆ ಕಥೆ ಸ್ವಲ್ಪದರಲ್ಲಿ ಹೇಳ್ತೀನಿ. 1957ರ ಹಾಲಿವುಡ್ ಸಿನಿಮಾ, ಕಲರ್, ಹೆಚ್ಚುಕಮ್ಮಿ ಒಂದು ಮುಕ್ಕಾಲು ಗಂಟೆ. ಡೈರೆಕ್ಟರ್ ಆಲನ್ ರೈಸ್ನರ್. ರಾಬರ್ಟ್ ಮತ್ತೆ ಮೇಮಿ ಯೂನ್ಸನ್ ಅಂತ ಸ್ಕಾಟ್ಲೆಂಡಿನ ಗಂಡ ಹೆಂಡತಿ, 1856ರಲ್ಲಿ ಅಮೆರಿಕಾದ ವಿಸ್ಕಾನ್ಸಿನ್‌ಗೆ, ಯುರೇಕಾ ಅನ್ನೋ ಪುಟ್ಟ ಊರಿಗೆ ಬಂದು ಇಳೀತಾರೆ, ಚಿಕ್ಕಪ್ಪ ಇದಾನೆ ಅನ್ನೋ ಧೈರ್ಯದ ಮೇಲೆ. ಬಂದು ನೋಡಿದ್ರೆ ಚಿಕ್ಕಪ್ಪನೂ ಇಲ್ಲ, ಮನೇನೂ ಸುಟ್ಟು ಹೋಗಿದೆ. ಮೇಮಿ ಬಸುರಿ ಬೇರೆ. ಊರಿನವರು ಸೇರ್ಕೊಂಡು ಮನೆ ಕಟ್ಟಿಕೊಡ್ತಾರೆ, ರಾಬರ್ಟ್ ದುಡೀತಾನೆ, ದೋಣಿ ಕಟ್ಟೋ ಕೆಲಸ ಕೈ ಹಿಡಿಯುತ್ತೆ, ಒಂದಾದ ಮೇಲೊಂದು ಆರು ಮಕ್ಕಳು ಆಗ್ತಾರೆ. ರಾಬಿ, ಜಿಮ್ಮಿ, ಕರ್ಕ್, ಅನಾಬೆಲ್, ಎಲಿಜಬೆತ್, ಜೇನ್. ಆಮೇಲೆ ಅಪ್ಪ ಹೋಗ್ತಾನೆ, ಸ್ವಲ್ಪ ಕಾಲಕ್ಕೆ ಅಮ್ಮನೂ ಹೋಗ್ತಾಳೆ, ಹನ್ನೆರಡು ವರ್ಷದ ರಾಬಿ ಮೇಲೆ ಒಂದು ಜವಾಬ್ದಾರಿ ಬಿಟ್ಟು: ತಮ್ಮ ತಂಗಿಯರಿಗೆಲ್ಲ ಒಳ್ಳೆ ಮನೆ ಹುಡುಕಿ ಸೇರಿಸಬೇಕು.

ಈ ಕಥೆ ಕಟ್ಟಿದ್ದಲ್ಲ. ಬರೆದ ಡೇಲ್ ಯೂನ್ಸನ್‌ಗೆ ರಾಬಿ ಸ್ವಂತ ಅಪ್ಪ. ಅಪ್ಪನ ಬಾಲ್ಯದಲ್ಲಿ ನಡೆದದ್ದನ್ನ ಮಗ ಮೊದಲು ಪತ್ರಿಕೆಗೆ ಬರೆದ, ಆಮೇಲೆ ಅದು ಪುಸ್ತಕ ಆಯ್ತು, ಸಿನಿಮಾಗೂ ಅವನೂ ಅವನ ಹೆಂಡತಿ ಕ್ಯಾಥರೀನೂ ಸೇರಿ ಬರೆದ್ರು. ಈ ವಿಷಯ ಮಕ್ಕಳಿಗೆ ಮೊದಲೇ ಹೇಳ್ಬೇಡಿ, ಇಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಮಕ್ಕಳಿಗೆ ತೋರಿಸೋಕೆ ಮುಂಚೆ ನೀವೊಬ್ಬರೇ ಒಂದು ಸಲ ಪೂರ್ತಿ ನೋಡ್ಬಿಡಿ. ಇದನ್ನ ಯಾವ ಸಿನಿಮಾಕ್ಕೂ ಹೇಳ್ತಾರೆ, ಆದ್ರೆ ಇದಕ್ಕೆ ಮಾತ್ರ ನಿಜವಾಗ್ಲೂ ಬೇಕು. ಅಪ್ಪ ಅಮ್ಮ ಇಬ್ಬರೂ ತೆರೆ ಮೇಲೇ ಕಾಯಿಲೆ ಬಿದ್ದು ಹೋಗ್ತಾರೆ, ಒಡಹುಟ್ಟಿದವರು ಒಬ್ಬರಿಂದ ಒಬ್ಬರು ದೂರ ಆಗ್ತಾರೆ. ನನ್ನ ಲೆಕ್ಕದಲ್ಲಿ ಎಂಟು ಒಂಬತ್ತು ವರ್ಷಕ್ಕಿಂತ ಚಿಕ್ಕವರಿಗೆ ಬೇಡ. ಮನೇಲಿ ಇತ್ತೀಚೆಗೆ ಯಾರಾದ್ರೂ ತೀರಿಕೊಂಡಿದ್ರೆ ಒಂದೆರಡು ವರ್ಷ ಬಿಟ್ಟು ನೋಡಿ. ದತ್ತು ತಗೊಂಡ ಮಗು ಮನೇಲಿದ್ರೆ ತೋರಿಸ್ಲೇಬಾರದು ಅಂತಲ್ಲ, ಆದ್ರೆ ಗುಂಪಿನಲ್ಲಿ ಬೇಡ, ನೀವೂ ಮಗೂನೂ ಇಬ್ಬರೇ ಕೂತ್ಕೊಳ್ಳಿ. ಯಾಕಂದ್ರೆ ಇದರಲ್ಲಿ ಮಕ್ಕಳನ್ನ ‘ಕೊಟ್ಟುಬಿಡೋದು’ ಅನ್ನೋ ಮಾತಿದೆ, ಆ ಮಾತು ಆ ಮಗುವಿನ ಕಿವಿಗೆ ಹೆಂಗೆ ಬೀಳುತ್ತೆ ಅನ್ನೋದು ನಮಗೆ ಮೊದಲೇ ಗೊತ್ತಾಗಲ್ಲ, ಪಕ್ಕದಲ್ಲೇ ಇರ್ಬೇಕು, ಕೈ ಹಿಡ್ಕೊಳ್ಳೋಷ್ಟು ಹತ್ರ.

ಇನ್ನೊಂದು ಚಿಕ್ಕ ವಿಷಯ, ಸಬ್‌ಟೈಟಲ್ ಸಿಕ್ಕಿದ್ರೆ ಹಾಕ್ಕೊಳ್ಳಿ. ಅಪ್ಪ ಅಮ್ಮ ಸ್ಕಾಟಿಷ್ ಧಾಟಿಯಲ್ಲಿ ಮಾತಾಡ್ತಾರೆ, ಇಂಗ್ಲಿಷ್ ಚೆನ್ನಾಗಿ ಬರೋರಿಗೂ ಒಂದೊಂದು ಮಾತು ತಪ್ಪಿಹೋಗುತ್ತೆ. ಮೇಮಿ ಪಾತ್ರ ಮಾಡಿರೋ ಗ್ಲಿನಿಸ್ ಜಾನ್ಸ್ ಧ್ವನಿ ಸ್ವಲ್ಪ ಒಡೆದಂಗೆ, ಗೊಗ್ಗರು ಧ್ವನಿ, ಆದ್ರೆ ಆ ಧ್ವನಿ ಒಂದು ಸಲ ಕೇಳಿದ್ರೆ ಮರೆಯಲ್ಲ. ಆಕೆ ನೂರು ವರ್ಷ ಬದುಕಿ 2024ರ ಜನವರಿಯಲ್ಲಿ ತೀರಿಕೊಂಡ್ರು.

ಶುರು ಮಾಡೋ ಮುಂಚೆ ಒಂದು ಹತ್ತು ನಿಮಿಷ ಮಾತಾಡಿ, ಹೆಚ್ಚು ಬೇಡ, ಪಾಠ ಆಗ್ಬಿಡುತ್ತೆ. ಒಂದು ಮ್ಯಾಪ್ ತೆಗೀರಿ, ಮಿಷಿಗನ್ ಸರೋವರದ ಎಡಗಡೆ ವಿಸ್ಕಾನ್ಸಿನ್ ತೋರಿಸಿ, ಅದರಲ್ಲಿ ಫಾಕ್ಸ್ ನದಿ ಹರಿಯೋ ದಾರಿ ತೋರಿಸಿ, ಯುರೇಕಾ ಆ ನದಿ ದಂಡೆಯಲ್ಲಿದೆ, ಅದಕ್ಕೇ ಅಲ್ಲಿ ದೋಣಿ ಕಟ್ಟೋನಿಗೆ ಕೆಲಸ. ವಿಸ್ಕಾನ್ಸಿನ್ ಒಂದು ರಾಜ್ಯ ಆಗಿದ್ದೇ 1848ರಲ್ಲಿ, ಅಂದ್ರೆ ಇವರು ಬಂದಾಗ ರಾಜ್ಯಕ್ಕೆ ಎಂಟು ವರ್ಷ ಅಷ್ಟೇ. ಆಸ್ಪತ್ರೆ, ಅನಾಥಾಲಯ ಇಂಥದ್ದೆಲ್ಲ ಹುಡುಕ್ಕೊಂಡು ಹೋಗೋಣ ಅಂದ್ರೆ ಆ ಊರಲ್ಲಿ ಏನಿರುತ್ತೆ, ಇದ್ದಿದ್ದೇ ನೆರೆಹೊರೆ.

ಜೊತೆಗೆ ಇದನ್ನೂ ಹೇಳಿ, ನಾನಂತೂ ಬಿಡದೇ ಹೇಳ್ತೀನಿ. ಆ ಕಾಡು ಖಾಲಿ ಬಿದ್ದಿರಲಿಲ್ಲ. ಅದು ಮೆನಾಮಿನಿ ಅನ್ನೋ ಮೂಲನಿವಾಸಿ ಜನ ತಲೆತಲಾಂತರದಿಂದ ಬಾಳಿದ್ದ ನೆಲ. 1836ರಲ್ಲಿ ಒಂದು ಒಪ್ಪಂದ ಮಾಡಿ ಸುಮಾರು 40 ಲಕ್ಷ ಎಕರೆ ಬಿಟ್ಕೊಡೋ ಹಂಗಾಯ್ತು, 1848ರಲ್ಲಿ ಇನ್ನೊಂದು ಒಪ್ಪಂದ, ಕೊನೆಗೆ 1854ರಲ್ಲಿ ವುಲ್ಫ್ ನದಿ ಹತ್ರ ಒಂದು ತುಂಡು ಜಾಗ ಅವರಿಗೆ ಅಂತ ಉಳೀತು. ಯೂನ್ಸನ್ ಕುಟುಂಬ ಬರೋದು ಅದಾಗಿ ಎರಡೇ ವರ್ಷಕ್ಕೆ. ಒಂದು ಕುಟುಂಬ ಮನೆ ಕಳ್ಕೊಂಡ ಕಥೆಗೆ ನಾವು ಅಳೋವಾಗ, ಆ ಮನೆ ನಿಂತ ಮಣ್ಣಿನಿಂದ ಎಷ್ಟು ಕುಟುಂಬ ಎದ್ದು ಹೋಗಿದ್ವು ಅನ್ನೋದು ಮಕ್ಕಳಿಗೆ ತಿಳಿದಿರ್ಬೇಕು. ಸಿನಿಮಾದ ಮೇಲಿನ ಪ್ರೀತಿ ಇದರಿಂದ ಕಮ್ಮಿ ಆಗಲ್ಲ, ಮಕ್ಕಳು ಎರಡನ್ನೂ ತಡ್ಕೊಳ್ತಾರೆ.

ಈಗ ಮುಖ್ಯವಾದ ಉಪಾಯ. ಒಂದು ದೊಡ್ಡ ಹಾಳೆ, ಒಂದು ಪೆನ್ಸಿಲ್ ಮಕ್ಕಳ ಕೈಗೆ ಕೊಡಿ. ಊರಿನವರು ಯಾರೇ ಹೊಸದಾಗಿ ಬಂದ್ರೂ ಹಾಳೆ ಮೇಲೆ ಒಂದು ಚಿಕ್ಕ ಮನೆ ಬರೆದು, ಒಳಗೆ ಅವರ ಹೆಸರು, ಅವರ ಬಗ್ಗೆ ಒಂದೇ ಮಾತು ಬರೀಲಿ. ಹೆಸರು ಗೊತ್ತಾಗ್ಲಿಲ್ಲ ಅಂದ್ರೆ ‘ದಪ್ಪ ಅಜ್ಜಿ’ ‘ಗಡ್ಡದ ಮಾಮ’ ಅಂತ ಬರೀಲಿ ಪರವಾಗಿಲ್ಲ. ಡಾಕ್ಟರ್ ಡೆಲ್ಬರ್ಟ್, ಅವರ ಹೆಂಡತಿ, ಕಾಡಲ್ಲಿ ಮರ ಕಡಿಸೋ ಟಾಮ್ ಕಲೆನ್, ಟೈಲರ್ ದಂಪತಿ, ಮಿಸೆಸ್ ಪುಗ್‌ಮೈಸ್ಟರ್, ಮಿಸೆಸ್ ರನ್ಯನ್, ಹಿಂಗೆ ಹಾಳೆ ತುಂಬ್ತಾ ಹೋಗುತ್ತೆ. ಯಾರು ಮನೆ ಕಟ್ಟೋಕೆ ಬಂದ್ರು, ಯಾರು ಕಷ್ಟ ಬಂದಾಗ ಬಾಗಿಲಿಗೆ ಬಂದು ನಿಂತ್ರು, ಯಾರು ಬರೀ ಮಾತಾಡಿ ಹೋದ್ರು, ಯಾರ ಮುಖದಲ್ಲಿ ನಗು ಇಲ್ಲ, ಅದೆಲ್ಲ ಮಕ್ಕಳು ನಮಗಿಂತ ಬೇಗ ಹಿಡೀತಾರೆ. ಇದು ಆಟ ಅಂತ ಶುರು ಮಾಡಿಸಿ. ಯಾಕೆ ಬರೀಬೇಕು ಅಂತ ಕೇಳಿದ್ರೆ ‘ಆಮೇಲೆ ಬೇಕಾಗುತ್ತೆ’ ಅಂದ್ರೆ ಸಾಕು.

ನನ್ನ ಮಗಳೂ ನನ್ನ ಅಕ್ಕನ ಇಬ್ಬರು ಮಕ್ಕಳೂ ಮೊದಲ ಸಲ ನೋಡಿದಾಗ ಈ ಹಾಳೆ ಇರ್ಲಿಲ್ಲ. ಆವತ್ತು ಅಕ್ಕನ ಚಿಕ್ಕ ಮಗ, ಒಂಬತ್ತು ವರ್ಷ ಅವನಿಗೆ, ಜಾರುಬಂಡಿ ದೃಶ್ಯ ಬಂದಾಗ ಸಿಟ್ಟು ಮಾಡ್ಕೊಂಡು ಎದ್ದು ನಿಂತ. ಅವನು ಯಾಕೆ ತಂಗೀನ ಯಾರ್ಯಾರಿಗೋ ಕೊಡ್ತಿದಾನೆ ಚಿಕ್ಕಮ್ಮ, ಅವರು ಯಾರು ಅಂತಾನೇ ಗೊತ್ತಿಲ್ವಲ್ಲ, ಅಂದ. ನನಗೆ ಉತ್ತರ ಹೇಳೋಕೆ ಆಗ್ಲಿಲ್ಲ. ಗೊತ್ತಿತ್ತು ಕಣೋ, ರಾಬಿಗೆ ಎಲ್ಲರೂ ಗೊತ್ತಿತ್ತು, ನಮಗೇ ನೆನಪಿಲ್ಲ ಅಂತ ಅನ್ನಿಸ್ತು. ಮುಂದಿನ ವರ್ಷ ಮತ್ತೆ ನೋಡೋವಾಗ ಹಾಳೆ ಇಟ್ಟೆ.

ಮನೆ ಕಟ್ಟೋ ಭಾಗ ಬಂದಾಗ ಅವಸರ ಮಾಡ್ಬೇಡಿ, ದೊಡ್ಡವರಿಗೆ ಇಲ್ಲಿ ಸ್ವಲ್ಪ ನಿಧಾನ ಅನ್ಸುತ್ತೆ, ಮೊಬೈಲ್ ಕಡೆ ಕೈ ಹೋಗುತ್ತೆ. ಮರದ ದಿಮ್ಮಿ ಒಂದರ ಮೇಲೊಂದು ಪೇರಿಸಿ ಗೋಡೆ ಎಬ್ಬಿಸೋದು ಒಬ್ಬನ ಕೈಲಿ ಆಗೋ ಕೆಲಸ ಅಲ್ಲ, ತೂಕ ಅಷ್ಟಿರುತ್ತೆ, ಅದಕ್ಕೇ ಆ ಕಾಲದ ವಲಸೆಗಾರರ ಊರುಗಳಲ್ಲಿ ಹೊಸಬರು ಬಂದ್ರೆ ಎಲ್ಲರೂ ಸೇರಿ ಮನೆ ಎಬ್ಬಿಸ್ತಿದ್ರು, ಇವತ್ತು ನಿನಗೆ ನಾನು ನಾಳೆ ನನಗೆ ನೀನು ಅನ್ನೋ ಲೆಕ್ಕ. ನಮ್ಮಲ್ಲಿ ಮುಯ್ಯಾಳು ಅಂತೀವಲ್ಲ, ಹಂಗೆ. ಮಕ್ಕಳಿಗೆ ಆ ಒಂದು ಪದ ಹೇಳಿದ್ರೆ ಇಡೀ ಊರು ಅರ್ಥ ಆಗ್ಬಿಡುತ್ತೆ. ಕೊನೇಲಿ ರಾಬಿ ಬಾಗಿಲು ತಟ್ಟೋದು ಭಿಕ್ಷೆ ಅಂತ ಯಾರಿಗೂ ಅನ್ನಿಸಬಾರದು ಅಂದ್ರೆ ಈ ಭಾಗ ಗಟ್ಟಿಯಾಗಿ ತಲೇಲಿ ಕೂತಿರ್ಬೇಕು.

ಮಧ್ಯದಲ್ಲಿ ಒಂದೇ ಕಡೆ ಪಾಸ್ ಒತ್ತಿ, ಕರ್ಕ್‌ಗೆ ಡಿಫ್ತೀರಿಯಾ ಬರೋ ಕಡೆ. ನಮ್ಮಲ್ಲಿ ಗಂಟಲಮಾರಿ ಅಂತಾರೆ ಇದಕ್ಕೆ. ಅಮ್ಮ ಉಳಿದ ಮಕ್ಕಳನ್ನ ಕರ್ಕೊಂಡು ಮನೆ ಬಿಟ್ಟು ಹೋಗ್ತಾಳೆ, ಅಪ್ಪ ಒಬ್ಬನೇ ಕರ್ಕ್ ಜೊತೆ ಉಳೀತಾನೆ. ಮಕ್ಕಳಿಗೆ ಇದು ಅರ್ಥ ಆಗಲ್ಲ, ಹುಷಾರಿಲ್ದೇ ಇರೋ ಮಗೂನ ಬಿಟ್ಟು ಅಮ್ಮ ಯಾಕೆ ಹೋದ್ಲು ಅಂತ ಕೇಳೇ ಕೇಳ್ತಾರೆ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಕೊಂಡು ಉಸಿರು ನಿಲ್ಲೋ ಕಾಯಿಲೆ, ಕೆಮ್ಮಿದ್ರೆ ಸೀನಿದ್ರೆ ಪಕ್ಕದವರಿಗೆ ಹತ್ತುತ್ತೆ, ಒಂದೇ ಮನೇಲಿ ಎರಡು ಮೂರು ಮಕ್ಕಳು ಒಟ್ಟಿಗೆ ಹೋಗ್ತಿದ್ದ ಕಾಲ ಅದು. ಆ ರೋಗದ ಕ್ರಿಮಿಯನ್ನ ಕಂಡುಹಿಡಿದಿದ್ದೇ 1883ರಲ್ಲಿ, ಬೇರಿಂಗ್ ಮತ್ತೆ ಕಿಟಸಾಟೊ ಅನ್ನೋ ವಿಜ್ಞಾನಿಗಳು ಅದಕ್ಕೆ ಪ್ರತಿವಿಷದ ದಾರಿ ತೋರಿಸಿದ್ದು 1890ರಲ್ಲಿ, 1901ರಲ್ಲಿ ವೈದ್ಯಶಾಸ್ತ್ರಕ್ಕೆ ಕೊಟ್ಟ ಮೊಟ್ಟಮೊದಲ ನೊಬೆಲ್ ಬೇರಿಂಗ್‌ಗೆ ಸಿಕ್ಕಿದ್ದು ಇದೇ ಕೆಲಸಕ್ಕೆ. ಅಂದ್ರೆ ಡಾಕ್ಟರ್ ಡೆಲ್ಬರ್ಟ್ ಕೈಲಿ ಏನೂ ಇರ್ಲಿಲ್ಲ, ದೂರ ಇರಿ ಅಂತ ಹೇಳೋದೊಂದು ಬಿಟ್ಟು. ಮಗು ಚಿಕ್ಕದಿದ್ದಾಗ ಹಾಕಿಸಿದ ಚುಚ್ಚುಮದ್ದಿನಲ್ಲಿ ಗಂಟಲಮಾರಿದೂ ಸೇರಿತ್ತು ಅಂತ ಹೇಳಿ. ನನ್ನ ಮಗಳು ಆವಾಗ ತನ್ನ ತೋಳು ಮುಟ್ಟಿ ನೋಡ್ಕೊಂಡ್ಲು.

ಕರ್ಕ್ ಉಳೀತಾನೆ, ಅಪ್ಪ ಉಳಿಯಲ್ಲ.

ಇಲ್ಲಿಂದ ಮುಂದೆ ನೀವು ಬಾಯಿ ಮುಚ್ಕೊಂಡಿರೋದು ಒಳ್ಳೇದು. ಅಪ್ಪ ಹೋದ ಮೇಲೆ ಮೇಮಿ ಬಟ್ಟೆ ಹೊಲಿದು ಸಂಸಾರ ನಡೆಸ್ತಾಳೆ, ರಾಬಿ ಮನೆ ಯಜಮಾನನ ಥರ ಆಗ್ತಾನೆ, ಸ್ವಲ್ಪ ದಿನ ಎಲ್ಲ ಸರಿಹೋಯ್ತು ಅನ್ನೋ ಹಂಗಿರುತ್ತೆ. ಈ ಭಾಗವನ್ನ ಓಡಿಸಿ ಮುಂದಕ್ಕೆ ಹೋಗ್ತಾರೆ ಕೆಲವರು, ಸಾವು ಆಯ್ತಲ್ಲ ಮುಂದಿಂದು ನೋಡೋಣ ಅಂತ, ಹಂಗೆ ಮಾಡಿದ್ರೆ ದೊಡ್ಡ ತಪ್ಪು. ರಾಬಿಯ ಮುಖ ಬದಲಾಗೋದು ಈ ಹೊತ್ತಲ್ಲೇ. ರೆಕ್ಸ್ ಥಾಂಪ್ಸನ್ ಅನ್ನೋ ಹುಡುಗ ಆ ಪಾತ್ರ ಮಾಡಿರೋದು, ಅವನು ಅಳೋದಕ್ಕಿಂತ ಜಾಸ್ತಿ ಅಳು ನುಂಗೋದು ಕಾಣುತ್ತೆ, ಮಕ್ಕಳಿಗೆ ತೋರಿಸ್ಬೇಕಾದ್ದು ಅದು. ಆಮೇಲೆ ಮೇಮಿಗೆ ಟೈಫಾಯ್ಡ್. ತಾನು ಬದುಕಲ್ಲ ಅಂತ ಗೊತ್ತಾದಾಗ ದೊಡ್ಡ ಮಗನನ್ನ ಕರೆದು ಮಾತು ತಗೋತಾಳೆ. ಈ ದೃಶ್ಯ ಮುಗಿದ ಮೇಲೆ ಮಕ್ಕಳು ನಿಮ್ಮನ್ನ ನೋಡ್ತಾರೆ, ನೀವು ಅಳ್ತಿದ್ರೆ ಮುಚ್ಚಿಡ್ಬೇಡಿ, ದುಪಟ್ಟಾ ತಗೊಂಡು ಕಣ್ಣು ಒರೆಸ್ಕೊಂಡು ಮತ್ತೆ ಸ್ಕ್ರೀನ್ ಕಡೆ ನೋಡಿ ಅಷ್ಟೇ. ಅಳೋದಕ್ಕೆ ಯಾರೂ ಸಾರಿ ಕೇಳ್ಬೇಕಾಗಿಲ್ಲ.

ಅಮ್ಮನ ಮಣ್ಣು ಆದ ಮೇಲೆ ಬೇಕಿದ್ರೆ ಒಂದು ಲೋಟ ನೀರು ಕುಡಿಯೋ ಬಿಡುವು ಕೊಡಿ, ಆವಾಗ ಆ ಹಾಳೆ ಮಧ್ಯಕ್ಕೆ ತನ್ನಿ. ಈಗ ಕೇಳಿ, ನೀನು ರಾಬಿ ಆಗಿದ್ರೆ ಯಾರನ್ನ ಯಾವ ಮನೆಗೆ ಕಳಿಸ್ತಿದ್ದೆ? ಬಾಯಲ್ಲಿ ಹೇಳೋದು ಬೇಡ, ಪ್ರತಿ ಮಗುವಿನ ಹೆಸರು ಮನೆ ಪಕ್ಕ ಬರೀಲಿ. ನಮ್ಮನೇಲಿ ಇದಕ್ಕೆ ಇಪ್ಪತ್ತು ನಿಮಿಷ ಹಿಡೀತು. ಅಕ್ಕನ ದೊಡ್ಡ ಮಗಳು ಅನಾಬೆಲ್‌ನ ಡಾಕ್ಟರ್ ಮನೆಗೆ ಬರೆದು, ರಬ್ಬರ್ ತಗೊಂಡು ಅಳಿಸಿ, ಮತ್ತೆ ಅಲ್ಲೇ ಬರೆದ್ಲು. ಪುಟ್ಟ ಜೇನ್ ಹೆಸರು ಬರೆಯೋಕೆ ಮೂರು ಜನಕ್ಕೂ ಕೈ ಬರ್ಲಿಲ್ಲ, ಆ ಜಾಗ ಖಾಲೀನೇ ಉಳೀತು. ಸಿನಿಮಾದಲ್ಲಿ ಯಾರು ಯಾವ ಮನೆಗೆ ಹೋಗ್ತಾರೆ ಅಂತ ನಾನು ಇಲ್ಲಿ ಹೇಳಲ್ಲ, ನೀವು ಬರೆದದ್ದನ್ನೂ ಅವನು ಮಾಡಿದ್ದನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ಕೆಲವು ಮಕ್ಕಳು ಕೇಳ್ತಾರೆ, ಎಲ್ಲರೂ ಒಟ್ಟಿಗೆ ಯಾಕೆ ಇರಬಾರದು, ರಾಬಿ ದುಡಿದು ಸಾಕಬಹುದಿತ್ತಲ್ಲ ಅಂತ. ಕೇಳ್ಲಿಲ್ಲ ಅಂದ್ರೂ ಮನಸ್ಸಲ್ಲಿ ಇರುತ್ತೆ. ಇದಕ್ಕೆ ಆ ಕಾಲದ ಸ್ಥಿತಿ ಹೇಳ್ಬೇಕು. ಅನಾಥ ಮಕ್ಕಳಿಗೆ ಅಂತ ವಿಸ್ಕಾನ್ಸಿನ್ ಸರ್ಕಾರ ಸ್ಪಾರ್ಟಾ ಅನ್ನೋ ಊರಲ್ಲಿ ಒಂದು ಸಂಸ್ಥೆ ತೆರೆದಿದ್ದು 1886ರಲ್ಲಿ. ಅದಕ್ಕೆ ಮುಂಚೆ ನೋಡ್ಕೊಳ್ಳೋರು ಇಲ್ದೇ ಇದ್ರೆ ಮಕ್ಕಳು ಬಡವರ ಮನೆ ಅಂತ ಇದ್ದ ಕಡೆ, ಹುಚ್ಚರು ಮುದುಕರು ಎಲ್ಲರ ಜೊತೆ ಇರ್ಬೇಕಾಗ್ತಿತ್ತು, ಇಲ್ಲಾಂದ್ರೆ ಯಾರದ್ದೋ ಹೊಲದಲ್ಲಿ ಅನ್ನ ಬಟ್ಟೆಗೆ ದುಡೀಬೇಕಿತ್ತು. ಅದೇ ಕಾಲದಲ್ಲಿ, 1854ರಿಂದ, ನ್ಯೂಯಾರ್ಕಿನ ಬೀದಿ ಮಕ್ಕಳನ್ನ ರೈಲಲ್ಲಿ ಕೂರಿಸಿ ಪಶ್ಚಿಮದ ಊರುಗಳಿಗೆ ಕಳಿಸ್ತಿದ್ರು, ಸ್ಟೇಷನ್‌ನಲ್ಲೋ ಚರ್ಚಲ್ಲೋ ಸಾಲಾಗಿ ನಿಲ್ಲಿಸಿದ್ರೆ ಜನ ಬಂದು ನೋಡಿ ಆರಿಸ್ಕೊಂಡು ಹೋಗ್ತಿದ್ರು, 1929ರವರೆಗೂ ನಡೀತು ಇದು. ಅಲ್ಲಿ ದೊಡ್ಡವರು ಮಕ್ಕಳನ್ನ ಆರಿಸ್ತಿದ್ರು. ರಾಬಿ ಕಥೇಲಿ ಮಗುವೇ ಮನೆ ಆರಿಸುತ್ತೆ. ಈ ಒಂದು ವ್ಯತ್ಯಾಸ ಮಕ್ಕಳಿಗೆ ತಲುಪಿದ್ರೆ ಸಾಕು, ಇಡೀ ಸಿನಿಮಾ ನೋಡಿದ್ದು ಸಾರ್ಥಕ ಅಂತೀನಿ ನಾನು.

ಆಮೇಲೆ ಕ್ರಿಸ್‌ಮಸ್ ದಿನದ ಭಾಗ ಹಾಕಿ. ಇನ್ನು ಪಾಸ್ ಬೇಡ, ಮಾತು ಬೇಡ, ಲೈಟ್ ಆರಿಸಿ. ಅವತ್ತೇ ಯಾಕೆ ಅಂತ ಮಕ್ಕಳಿಗೆ ಹೇಳ್ಕೊಡೋದೂ ಬೇಡ, ಎಲ್ಲರೂ ಮನೇಲೇ ಇರೋ ದಿನ, ಮನಸ್ಸು ಮೆತ್ತಗಿರೋ ದಿನ, ಅದು ತಾನಾಗೇ ಗೊತ್ತಾಗುತ್ತೆ. ಮ್ಯಾಕ್ಸ್ ಸ್ಟೈನರ್ ಸಂಗೀತ ಇದೆ, ಸ್ವಲ್ಪ ಜಾಸ್ತೀನೇ ಇದೆ ಅಂತ ನನ್ನ ಅಭಿಪ್ರಾಯ, ಕೆಲವು ಕಡೆ ಪಿಟೀಲು ಇಲ್ದಿದ್ರೂ ಅಳು ಬರ್ತಿತ್ತು, ಸೌಂಡ್ ಒಂದು ಪಾಯಿಂಟ್ ಕಮ್ಮಿ ಇಟ್ರೆ ಒಳ್ಳೇದು. ರಾಬಿಯ ಕಾಲಿನ ಕಡೆ ನೋಡೋಕೆ ಹೇಳಿ ಬೇಕಾದ್ರೆ, ಪ್ರತಿ ಮನೆ ಬಿಟ್ಟು ಹೊರಡೋವಾಗ ಅವನು ಹೆಂಗೆ ನಡೀತಾನೆ ಅಂತ. ಕೊನೇ ಬಾಗಿಲು ತೆಗೆದ ಹೆಂಗಸನ್ನ ಅವನು ಕೇಳೋ ರೀತಿ ಇದೆಯಲ್ಲ, ಅಷ್ಟು ಮರ್ಯಾದೆಯಿಂದ, ಟೋಪಿ ತೆಗೆದು ಮನೆ ಬಾಗಿಲಿಗೆ ಬಂದ ದೊಡ್ಡ ಮನುಷ್ಯನ ಹಂಗೆ ಕೇಳ್ತಾನೆ. ಕೇಳೋ ಹುಡುಗನಿಗೆ ಹನ್ನೆರಡು ವರ್ಷ.

ಮುಗಿದ ತಕ್ಷಣ ಲೈಟ್ ಹಾಕ್ಬೇಡಿ. ಹೆಸರುಗಳು ಓಡಿ ಮುಗೀಲಿ. ‘ಹೇಗಿತ್ತು’ ಅಂತಾನೂ ಕೇಳ್ಬೇಡಿ, ಆ ಪ್ರಶ್ನೆಗೆ ಮಕ್ಕಳು ಚೆನ್ನಾಗಿತ್ತು ಅಂತ ಹೇಳಿ ಎದ್ದು ಹೋಗ್ತಾರೆ. ಹಾಳೆ ತಗೊಂಡು ಒಂದೊಂದೇ ಮನೆ ನೋಡಿ, ನಾವು ಬರೆದದ್ದೆಲ್ಲಿ ಅವನು ಕೊಟ್ಟದ್ದೆಲ್ಲಿ. ಯಾವುದಾದ್ರೂ ಮನೆ ರಾಬಿ ಬಿಟ್ಟುಬಿಟ್ಟಿದ್ರೆ ಯಾಕೆ ಬಿಟ್ಟ ಅಂತ ಯೋಚನೆ ಮಾಡ್ಲಿ, ಕಾರಣ ಸಿನಿಮಾದ ಮೊದಲರ್ಧದಲ್ಲೇ ಇರುತ್ತೆ, ಬೇಕಿದ್ರೆ ಹಿಂದಕ್ಕೆ ಹೋಗಿ ಮತ್ತೆ ನೋಡಬಹುದು. ಜಗಳ ಆಗುತ್ತೆ, ಆಗ್ಲಿ ಬಿಡಿ. ನನ್ನ ಅಕ್ಕನ ಮಕ್ಕಳು ಎರಡು ದಿನ ಜಗಳ ಆಡಿದ್ರು ಜಿಮ್ಮಿ ವಿಷಯಕ್ಕೆ.

ಎಲ್ಲ ಆದ್ಮೇಲೆ ಒಂದು ಹೆಸರು ಉಳಿದಿರುತ್ತೆ ಹಾಳೆಯಲ್ಲಿ, ಯಾವ ಮನೆ ಪಕ್ಕಾನೂ ಬರೀದೇ ಇರೋದು. ರಾಬಿ. ಅವನು ಮರ ಕಡಿಯೋ ಕ್ಯಾಂಪಿಗೆ ಹೋಗ್ತಾನೆ. ಅಲ್ಲಿ ಚಳಿಗಾಲದಲ್ಲೇ ಕೆಲಸ, ಯಾಕಂದ್ರೆ ಹಿಮ ಗಟ್ಟಿಯಾದ ದಾರಿ ಮೇಲೆ ದಿಮ್ಮಿ ಎಳೆಯೋದು ಸುಲಭ, ಬೇಸಿಗೆ ಬರೋ ಹೊತ್ತಿಗೆ ಹಿಮ ಕರಗಿ ನದಿ ತುಂಬಿದಾಗ ನೀರಲ್ಲಿ ತೇಲಿಸಿ ಬಿಡ್ತಿದ್ರು. ದೊಡ್ಡ ಗಂಡಸರು ಮಲಗೋ ಮರದ ಶೆಡ್ಡಿನಲ್ಲಿ ಒಬ್ಬ ಹುಡುಗ. ನಮ್ಮನೇಲಿ ಎಲ್ಲರಿಗಿಂತ ಚಿಕ್ಕವನು ಅದನ್ನ ಮೊದಲು ಕಂಡುಹಿಡಿದ, ಚಿಕ್ಕಮ್ಮ, ರಾಬಿ ಹೆಸರು ಎಲ್ಲಿ ಬರೀಲಿ ಅಂತ ಪೆನ್ಸಿಲ್ ಹಿಡ್ಕೊಂಡು ಕೂತಿದ್ದ.

ಮೊದಲು ಇಟ್ಕೊಳ್ಳಿ ಅಂದಿದ್ದೆನಲ್ಲ, ಆ ಮಾತು ಈಗ ಹೇಳಿ. ರಾಬಿ ನಿಜವಾಗ್ಲೂ ಇದ್ದ, ದೊಡ್ಡವನಾದ, ಮದುವೆಯಾದ, ಅವನಿಗೆ ಮಗ ಹುಟ್ಟಿದ, ಅಪ್ಪ ಹೇಳಿದ್ದನ್ನೆಲ್ಲ ಕೇಳಿಸ್ಕೊಂಡ ಆ ಮಗನೇ ಈ ಕಥೆ ಬರೆದಿದ್ದು ಅಂತ. ನಾನು ಹೇಳಿದ ಮೇಲೆ ನಮ್ಮ ಚಿಕ್ಕವನು ಹಾಳೆಯ ಮೂಲೇಲಿ ಜಾಗ ಮಾಡ್ಕೊಂಡು ಹೊಸದಾಗಿ ಒಂದು ಮನೆ ಬರೆದ, ಬೇರೆ ಎಲ್ಲ ಮನೆಗಿಂತ ದೊಡ್ಡದು, ಹೊಗೆ ಬರೋ ಚಿಮಣಿ ಸಮೇತ, ಪಕ್ಕದಲ್ಲಿ ರಾಬಿ ಅಂತ ಬರೆದು ಪೆನ್ಸಿಲ್ ಕೆಳಗಿಟ್ಟ.